ಕಲಬುರಗಿಯಿಂದ ತಾಷ್ಕೆಂಟಿಗೆ ಮೂರೂವರೆ ಗಂಟೆ

ಪರದೆ ಆರಿದ ನೂರ ಎಪ್ಪತ್ತೆಂಟನೆಯ ವರ್ಷ,
ಮೂರನೆಯ ಬೇಸಿಗೆಯ ನಲವತ್ತೊಂದನೆಯ ತಾರೀಖು,
ಕಲಬುರಗಿ, ಕೋಟೆಯ ಒಳಬೀದಿ

ವಿಮಾನದ ಕಾಲದ ಹಿರಿಯರಿಗೆ,

ಮೊದಲಿಗೆ ತಾರೀಖಿಗಾಗಿ ಕ್ಷಮೆ ಕೇಳಬೇಕು. ನಿಮ್ಮ ಪಂಚಾಂಗದಲ್ಲಿ ನಲವತ್ತೊಂದನೆಯ ತಾರೀಖು ಇರಲಿಲ್ಲ, ಒಂದೇ ವರ್ಷಕ್ಕೆ ಮೂರು ಬೇಸಿಗೆಗಳೂ ಇರಲಿಲ್ಲ. ನಮಗೆ ಎರಡೂ ಇವೆ. ನಿಮ್ಮ ಕೈಯಲ್ಲಿದ್ದ ಪರದೆಗಳೆಲ್ಲ ಒಂದೊಂದಾಗಿ ಆರಿಹೋದ ವರ್ಷದಿಂದ ನಾವು ಕಾಲವನ್ನು ಎಣಿಸುತ್ತೇವೆ. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರ ಅನ್ನಿಸಬಹುದು, ಅಲ್ಲಲ್ಲಿ ಬಿಡಿಸಿ ಹೇಳುತ್ತೇನೆ. ಕ್ಷಮೆ ಅಷ್ಟಕ್ಕೆ ಮಾತ್ರ. ಮುಂದೆ ಬರೆಯುವ ಯಾವುದಕ್ಕೂ ಕೇಳುವುದಿಲ್ಲ.

ನಮ್ಮಲ್ಲಿ ಒಂದು ಪದ್ಧತಿ ಇದೆ. ಮೂರನೆಯ ಬೇಸಿಗೆ ಮುಗಿಯುವ ಹೊತ್ತಿಗೆ ಮನೆಗೊಂದು ಹಿಂದೋಲೆ ಬರೆದು ಕೋಟೆಯ ಒಣ ಬಾವಿಗೆ ಇಳಿಬಿಡಬೇಕು. ಹಿಂದೋಲೆ ಎಂದರೆ ಹಿಂದೆ ಇದ್ದವರಿಗೆ ಬರೆಯುವ ಓಲೆ. ಅದು ನಿಮಗೆ ಮುಟ್ಟುತ್ತದೆ ಎಂದು ಕೆಲವರು ನಂಬುತ್ತಾರೆ. ಮುಟ್ಟದಿದ್ದರೂ ಬರೆದವರ ಮನಸ್ಸು ಹಗುರಾಗುತ್ತದೆ ಎಂದು ಉಳಿದವರು ಹೇಳುತ್ತಾರೆ. ಎಲ್ಲರೂ ಒಳ್ಳೆಯದನ್ನೇ ಬರೆಯುತ್ತಾರೆ. ನೀವು ಕಟ್ಟಿದ ಮೇಲ್ಸೇತುವೆಯ ಕೆಳಗೆ ನಮ್ಮ ಸಂತೆ ಕೂಡುತ್ತದೆ, ಶರಣು. ನೀವು ನೆಟ್ಟ ಬೇವಿನ ತಳಿ ಇನ್ನೂ ನಿಂತಿದೆ, ಶರಣು. ನಾನೂ ಮೂವತ್ತು ವರ್ಷ ಹೀಗೇ ಬರೆದು ಬರೆದು ನಿಮ್ಮನ್ನು ಅಟ್ಟಕ್ಕೇರಿಸಿದೆ. ಈ ವರ್ಷ ಶರಣು ಇಲ್ಲ. ನಿಮ್ಮ ಮೇಲೆ ಮೈಯೆಲ್ಲ ಉರಿಯುವಷ್ಟು ಸಿಟ್ಟು ಬಂದಿದೆ, ಅದನ್ನೇ ಬರೆಯುತ್ತೇನೆ.

ನನ್ನ ಹೆಸರು ನಿಂಬೆವ್ವ. ನೆರಳುಬಟ್ಟೆ ಹೊಲಿಯುವುದು ನನ್ನ ಕಸುಬು. ಈ ಊರಿನ ಬೀದಿಗಳ ಮೇಲೆಲ್ಲ, ಈ ಮಾಳಿಗೆಯಿಂದ ಆ ಮಾಳಿಗೆಗೆ, ದಪ್ಪ ಬಟ್ಟೆ ಎಳೆದು ಕಟ್ಟಿರುತ್ತೇವೆ. ಅದಿಲ್ಲದೆ ಹಗಲಿನಲ್ಲಿ ಯಾರೂ ಹೊಸ್ತಿಲು ದಾಟುವಂತಿಲ್ಲ. ಬೆಳಕು ಹರಿಯುವ ಮುಂಚೆ ಅಂಗಡಿಗಳು ತೆರೆಯುತ್ತವೆ, ಬಿಸಿಲು ಮಾಳಿಗೆಗೆ ಏರುವಷ್ಟರಲ್ಲಿ ಮುಚ್ಚುತ್ತವೆ. ಆಮೇಲೆ ಊರಿಗೆ ಊರೇ ನೆಲಮನೆಗಳಿಗೆ ಇಳಿಯುತ್ತದೆ. ನೀವು ನೆಲಕ್ಕೆ ಹಾಸುತ್ತಿದ್ದ ಶಹಾಬಾದ ಕಲ್ಲು ಈಗ ನಮ್ಮ ತಲೆಯ ಮೇಲಿನ ಚಾವಣಿ. ಜೋಳದ ರೊಟ್ಟಿಗೆ ನಾವು ಬೆಂಕಿ ಹಚ್ಚುವುದಿಲ್ಲ, ಮಾಳಿಗೆಯ ಮೇಲೆ ಕಬ್ಬಿಣದ ಹಂಚು ಇಟ್ಟರೆ ಬಿಸಿಲೇ ಬೇಯಿಸುತ್ತದೆ. ಮಧ್ಯಾಹ್ನ ನೆಲಮನೆಯಲ್ಲಿ ಕೂತು ಕಟಕ ರೊಟ್ಟಿ, ಪುಂಡಿಪಲ್ಯ ತಿನ್ನುತ್ತೇವೆ, ಒಬ್ಬರನ್ನೊಬ್ಬರು ಆಡಿಕೊಳ್ಳುತ್ತೇವೆ, ಹೊಲಿಗೆ ಹಾಕುತ್ತೇವೆ. ಹೀಗೆ ಹೇಳಿದರೆ ಅಯ್ಯೋ ಪಾಪ ಎನ್ನಬೇಡಿ. ನಿಮ್ಮ ಕನಿಕರ ಯಾರಿಗೂ ಬೇಕಾಗಿಲ್ಲ. ನಮಗೆ ಇದೇ ಬದುಕು, ಬದುಕು ಚೆನ್ನಾಗಿಯೇ ಇದೆ.

ನೀರಿನ ವಿಷಯ ಮಾತ್ರ ನೀವು ತಿಳಿದುಕೊಳ್ಳಲೇಬೇಕು. ಊರಿನಲ್ಲಿ ಹುಟ್ಟಿದ ಪ್ರತಿಯೊಬ್ಬರಿಗೂ ನೀರುಮನೆಯಲ್ಲಿ ಒಂದು ಪಾಲು ಇರುತ್ತದೆ, ಆ ಪಾಲಿಗೆ ಹೆಸರು ಕೆತ್ತಿದ ತಾಮ್ರದ ಬಿಲ್ಲೆ ಇರುತ್ತದೆ. ಬಿಲ್ಲೆ ಗೋಡೆಗೆ ತೂಗುತ್ತಿರುವ ತನಕ ನೀವು ಈ ಊರಿನವರು. ಅದನ್ನು ಇಳಿಸಿದರೆ ಹೊರಗಿನವರು. ಹೊರಗಿನವರಿಗೆ ಮೂರು ದಿನ ಅತಿಥಿಯ ನೀರು ಕೊಡುತ್ತೇವೆ, ನಾಲ್ಕನೆಯ ದಿನ ಬಾಗಿಲ ತನಕ ಹೋಗಿ ಕಳಿಸಿಕೊಡುತ್ತೇವೆ. ಯಾರ ಮೇಲಿನ ಹಗೆಯಿಂದಲೂ ಮಾಡಿದ ಕಾನೂನಲ್ಲ ಇದು. ನೀರು ಇರುವುದೇ ಅಷ್ಟು.

ಈ ಬಿಸಿಲು ನಮ್ಮ ಕಣ್ಣು ತಿನ್ನುತ್ತದೆ. ನಲವತ್ತು ದಾಟಿದವರಲ್ಲಿ ಅರ್ಧ ಜನಕ್ಕೆ ಪೊರೆ ಬಂದಿರುತ್ತದೆ. ನನ್ನ ಎಡಗಣ್ಣು ಹೋಗಿ ಆರು ವರ್ಷ ಆಯಿತು. ಬಲಗಣ್ಣು ಸೂಜಿಗೆ ದಾರ ಪೋಣಿಸುವಷ್ಟು ಹತ್ತಿರದ್ದನ್ನು ತೋರಿಸುತ್ತದೆ, ಹತ್ತು ಮಾರು ಆಚೆಯದೆಲ್ಲ ಮಜ್ಜಿಗೆಯಲ್ಲಿ ಕಲಸಿದ ಹಾಗೆ. ಪೊರೆ ತೆಗೆಯುವ ವಿದ್ಯೆ ನಿಮ್ಮ ಕಾಲದಲ್ಲಿ ಗಲ್ಲಿಗಲ್ಲಿಯಲ್ಲಿ ಇತ್ತಂತೆ. ಬೆಳಿಗ್ಗೆ ಹೋಗಿ ಸಂಜೆಗೆ ಮನೆಗೆ ಬರುತ್ತಿದ್ದರಂತೆ. ಈಗ ಅದು ತಾಷ್ಕೆಂಟಿನಲ್ಲಿ ಉಳಿದಿದೆ ಎಂದು ವ್ಯಾಪಾರಿಗಳ ಬಾಯಿಂದ ಬಾಯಿಗೆ ಸುದ್ದಿ ಬಂತು. ಅದನ್ನು ಕಲಿತು ಬರಲು ಒಬ್ಬರನ್ನು ಕಳಿಸಬೇಕೆಂದು ಊರು ತೀರ್ಮಾನಿಸಿತು. ಊರು ಆರಿಸಿದ್ದು ನನ್ನ ಮಗಳು ದಾನಮ್ಮನನ್ನು.

ಯಾಕೆ ಅವಳು ಎಂದರೆ, ಅವಳ ಕೈ ನಡುಗುವುದಿಲ್ಲ. ಎಂಟು ವರ್ಷದವಳಿದ್ದಾಗಲೇ ಬೀದಿಯವರೆಲ್ಲ ಕಾಲಿಗೆ ಮುಳ್ಳು ನೆಟ್ಟರೆ ನಮ್ಮ ಮನೆಗೆ ಬರುತ್ತಿದ್ದರು. ಎಡಗೈಯವಳು, ಮೂಗಿನ ತುದಿಯಲ್ಲಿ ಸಿಟ್ಟು. ಮುಳ್ಳು ತೆಗೆಯುವಾಗ ಯಾರಾದರೂ ಕಾಲು ಎಳೆದುಕೊಂಡರೆ ಬೈದು ಕೂರಿಸುತ್ತಿದ್ದಳು. ಹೊರಡುವ ದಿನ ನಾನು ಅಳುತ್ತ ನಿಂತಿದ್ದಾಗ ನನಗೂ ಬೈದಳು. “ಅಳಬ್ಯಾಡ ಸುಮ್ಮಿರು. ಒಂದೂವರಿ ವರ್ಷ ಅವ್ವಾ, ಕಣ್ಣು ಮುಚ್ಚಿ ಕಣ್ಣು ತೆರಿಯೂದ್ರಾಗ ಬರ್ತೀನಿ. ಮದಲ ನಿನ್ನ ಕಣ್ಣೇ ಮಾಡ್ತೀನಿ,” ಎಂದಳು. ನಾನು ನಂಬಿದೆ. ಒಂದೂವರೆ ವರ್ಷ ಎಂದು ಹೇಳಿದವರು ದೂರಮನೆಯವರು. ಅವರಿಗೆ ಹೇಳಿದವರು ನೀವು.

ದೂರಮನೆ ಏನೆಂದು ಹೇಳುತ್ತೇನೆ. ಪರದೆಗಳು ಆರುತ್ತಿದ್ದ ಕೊನೆಯ ತಿಂಗಳುಗಳಲ್ಲಿ ನಿಮ್ಮಲ್ಲಿ ಕೆಲವರು ಪರದೆಯ ಮೇಲಿದ್ದುದನ್ನು ಉಳಿಸಲು ಶಹಾಬಾದ ಕಲ್ಲಿನ ಚಪ್ಪಡಿಗಳ ಮೇಲೆ ಕೆತ್ತಿದರು. ಅವಸರದ ಕೆಲಸ. ಏನು ಸಿಕ್ಕಿತೋ ಅದು. ಆಗ ಜನರೆಲ್ಲ ಓಡಿಹೋಗಲು ದಾರಿ ಹುಡುಕುತ್ತಿದ್ದರಂತೆ, ಅದಕ್ಕೇ ಒಂದು ಊರಿನಿಂದ ಇನ್ನೊಂದು ಊರಿಗೆ ಎಷ್ಟು ದೂರ ಎಂಬ ಪುಟಗಳನ್ನೇ ಹೆಚ್ಚು ತೆರೆಯುತ್ತಿದ್ದರಂತೆ. ಹಾಗಾಗಿ ಕಣ್ಣಿನ ಪೊರೆ ತೆಗೆಯುವುದು ಹೇಗೆ ಎಂಬ ಒಂದು ಚಪ್ಪಡಿಯೂ ನಮಗೆ ಸಿಗಲಿಲ್ಲ. ನಕ್ಷೆ ಕೆತ್ತುವಷ್ಟು ಪುರುಸೊತ್ತು ಯಾರಿಗೂ ಇರಲಿಲ್ಲ. ಊರಿಂದೂರಿಗೆ ಇರುವ ದೂರದ ಚಪ್ಪಡಿಗಳು ಮಾತ್ರ ಒಂದು ಮನೆ ತುಂಬ ಇವೆ. ಆ ಮನೆಯೇ ದೂರಮನೆ. ಮಕ್ಕಳು ಸಂಜೆಯ ಶಾಲೆಯಲ್ಲಿ ಆ ಚಪ್ಪಡಿಗಳನ್ನು ಬಾಯಿಪಾಠ ಮಾಡುತ್ತಾರೆ. ತಾಷ್ಕೆಂಟಿನ ಚಪ್ಪಡಿ ನನಗೂ ಬಾಯಿಗೆ ಬರುತ್ತದೆ: ಕಲಬುರಗಿಯಿಂದ ತಾಷ್ಕೆಂಟಿಗೆ ವಿಮಾನದ ದೂರ ಎರಡು ಸಾವಿರದ ಏಳುನೂರ ಎಪ್ಪತ್ತು ಕಿಲೋಮೀಟರ್, ಪ್ರಯಾಣದ ಸಮಯ ಸುಮಾರು ಮೂರೂವರೆ ಗಂಟೆ, ಈ ಮಾರ್ಗದಲ್ಲಿ ನೇರ ವಿಮಾನಗಳಿಲ್ಲ, ಹತ್ತಿರದ ಹೋಟೆಲುಗಳನ್ನು ನೋಡಿರಿ.

ದೂರಮನೆಯವರು ಆ ಅಂಕಿಯನ್ನು ತಂಪುನಡೆಯಿಂದ ಭಾಗಿಸಿದರು. ಬಿಸಿಲು ಏರುವ ಮುಂಚೆ ಮತ್ತು ಇಳಿದ ಮೇಲೆ ಒಬ್ಬ ಮನುಷ್ಯ ಒಂದು ದಿನಕ್ಕೆ ಎಷ್ಟು ನಡೆಯಬಲ್ಲನೋ ಅದಕ್ಕೆ ತಂಪುನಡೆ ಎನ್ನುತ್ತೇವೆ. ಹೋಗುವ ದಿನ, ಬರುವ ದಿನ, ಕಲಿಯುವ ದಿನ ಎಲ್ಲ ಕೂಡಿಸಿ ಒಂದೂವರೆ ವರ್ಷ ಎಂದು ಗೊತ್ತುಮಾಡಿದರು. ಅಷ್ಟು ಕಾಲ ದೂರ ಹೋದವರ ಬಿಲ್ಲೆ ಗೋಡೆಯ ಮೇಲೆ ಇರುತ್ತದೆ. ಅವಧಿ ಮೀರಿದರೆ ಮರುಕದಿಂದ ಇನ್ನೊಂದು ಬೇಸಿಗೆ ಕಾಯುತ್ತಾರೆ. ಆಮೇಲೆ ಸತ್ತರೆಂದು ತಿಳಿದು ಬಿಲ್ಲೆ ಇಳಿಸಿ, ಕಾಯುತ್ತಿರುವ ಕೂಸಿಗೆ ಆ ಪಾಲು ಕೊಡುತ್ತಾರೆ.

ಅವಧಿ ಮುಗಿಯಿತು. ದಾನಮ್ಮ ಬರಲಿಲ್ಲ. ಮರುಕದ ಬೇಸಿಗೆ ಶುರುವಾಯಿತು. ನಾನು ಊಟ ಬಿಟ್ಟೆ, ಹೊಲಿಗೆಯನ್ನೂ ಬಿಟ್ಟೆ. ಆಗ ಸೊಲ್ಲಾಪುರದ ಕಡೆಯಿಂದ ಮಶಾಕಸಾಬ ಎನ್ನುವ ಬಾಯೋಲೆಯವನು ಬಂದ. ಬಾಯೋಲೆ ಎಂದರೆ ಬಾಯಲ್ಲಿ ಹೊತ್ತು ತರುವ ಓಲೆ. ಹೇಳಿದವರ ಮಾತನ್ನು ಒಂದಕ್ಷರ ಬಿಡದೆ, ಕೆಮ್ಮಿದ್ದರೆ ಕೆಮ್ಮನ್ನೂ ಬಿಡದೆ, ಒಬ್ಬರಿಂದೊಬ್ಬರು ಕಲಿತು ಮುಂದಿನ ಊರಿಗೆ ದಾಟಿಸುತ್ತಾರೆ. ಎಷ್ಟು ಬಾಯಿ ದಾಟಿ ಬಂದಿತ್ತೋ ಏನೋ, ಆ ಗಡ್ಡದ ಮನುಷ್ಯ ನನ್ನ ಹೊಸ್ತಿಲಲ್ಲಿ ಕೂತು ನನ್ನ ಮಗಳ ಧಾಟಿಯಲ್ಲೇ ಸಿಡಿಮಿಡಿ ಮಾಡಿದ.

“ಅವ್ವಾ, ನಾ ದಾನಮ್ಮ ಮಾತಾಡ್ಲತ್ತೀನಿ. ಆರಾಮ ಇದ್ದೀನಿ. ಹತ್ತು ತಿಂಗಳು ನಡದು ಮುಟ್ಟೀನಿ. ಅರ್ಧ ಕೆಲಸ ಕಲ್ತೀನಿ, ಕೈಯಾರೆ ಪೊರಿ ತಗೀಲತ್ತೀನಿ. ಕೇಳಿಲ್ಲಿ, ನಡುವ ಗುಡ್ಡ ಅವ. ನಮ್ಮ ಕಡಿ ಗುಡ್ಡ ಅಂತೀವಲ್ಲ, ಅವಲ್ಲ. ಇವುಕ ತುದಿನೇ ಕಾಣಂಗಿಲ್ಲ. ಹಾದಿ ಮ್ಯಾಗ ಬರಫ್ ಬೀಳ್ತದ, ಬಿದ್ರ ಕರಗೂ ತನಕಾ ಕುಂದರಬೇಕು. ಅದಕ್ಕೂ ಮದಲ ಉಸುಕಿನ ನಾಡು, ನೀರಿಲ್ಲ, ಸುತ್ತು ಹಾಕೇ ಹೋಗಬೇಕು. ಯಾರೂ ಹೇಳಿದ್ದಿಲ್ಲಲ್ಲ ಅವ್ವಾ ನನಗ. ನಾ ಬರ್ಲಿಕ್ಕ ಇನ್ನಾ ಒಂದೂವರಿ ವರ್ಷ ಆಗ್ತದ. ದೂರಮನಿಯವ್ರಿಗಿ ಹೇಳು, ನಾ ಸತ್ತಿಲ್ಲ, ಹಾದಿ ಉದ್ದ ಅದ. ನನ್ನ ನೀರು ಕಡೀಬ್ಯಾಡ್ರಿ ಅನ್ನು.”

ಮೂರು ಸಲ ಹೇಳಿಸಿದೆ. ಮೂರು ಸಲವೂ ಅದೇ ಸಿಟ್ಟು, ಅದೇ ಜಾಗದಲ್ಲಿ ಅದೇ ಉಸಿರು. ನಾನು ಅತ್ತು, ನಕ್ಕು, ಮಶಾಕಸಾಬನಿಗೆ ನನ್ನ ಪಾಲಿನ ನೀರು ಕುಡಿಸಿ, ಅವನ ಕೈ ಹಿಡಿದು ಕೋಟೆಯ ಸಭೆಗೆ ಎಳೆದುಕೊಂಡು ಹೋದೆ.

ದೂರಮನೆಯ ಹಿರಿಯರು ಮಡಿವಾಳಯ್ಯನವರು. ಒಳ್ಳೆಯ ಮನುಷ್ಯ, ಯಾರಿಗೂ ಕೆಡುಕು ಬಯಸಿದವರಲ್ಲ. ಎರಡೂ ಕಣ್ಣಿಗೆ ಪೊರೆ ಕಟ್ಟಿದೆ, ಚಪ್ಪಡಿಯನ್ನು ಬೆರಳಿನಿಂದ ಸವರಿ ಓದುತ್ತಾರೆ. ದಾನಮ್ಮನ ದಾರಿಯನ್ನು ನನ್ನಷ್ಟೇ ಕಾಯುತ್ತಿದ್ದರು. ಬಾಯೋಲೆಯನ್ನು ಪೂರ್ತಿ ಕೇಳಿದರು, ಕಣ್ಣು ಒರೆಸಿಕೊಂಡರು. ಆಮೇಲೆ ತಾಷ್ಕೆಂಟಿನ ಚಪ್ಪಡಿ ತರಿಸಿ ಅದರ ಮೇಲೆ ಕೈ ಇಟ್ಟರು.

“ನಿಂಬೆವ್ವಾ, ದೂರ ಅಂದ್ರ ದೂರನೇ ಅಲ್ಲೇನವ್ವಾ. ಮ್ಯಾಲಿಂದ ಹೋದ್ರೇನು, ಕೆಳಗಿಂದ ಹೋದ್ರೇನು. ಅಂಕಿ ಹಿರಿಯರದು,” ಎಂದರು.

“ಅಯ್ಯನೋರೇ, ನಡುವ ಗುಡ್ಡ ಅವ ಅಂತ ನನ್ನ ಮಗಳು ಹೇಳ್ಲತ್ತಾಳ್ರಿ,” ಎಂದೆ.

“ಅಷ್ಟು ದೊಡ್ಡ ಗುಡ್ಡ ಇದ್ದಿದ್ರ ಹಿರಿಯರು ಬರೀತಿದ್ದಿಲ್ಲೇನವ್ವಾ?” ಎಂದರು.

ಆ ಮನುಷ್ಯ ಕುಹಕದಿಂದ ಕೇಳಲಿಲ್ಲ, ನಿಮ್ಮ ಮೇಲಿನ ನಂಬಿಕೆಯಿಂದ ಕೇಳಿದರು. ಆಕಾಶದಲ್ಲಿ ಹಾರಾಡಿದ ಜನ, ಲೋಕವನ್ನೆಲ್ಲ ಮೇಲಿಂದ ಕಂಡ ಜನ, ದಾರಿಯಲ್ಲಿ ಪರ್ವತ ಇದ್ದರೆ ಇದೆ ಎಂದು ಒಂದು ಸಾಲು ಬರೆಯದೆ ಹೋಗುತ್ತಾರೆಯೇ ಎಂದು ಕೇಳಿದರು. ಈಗ ನೀವು ಹೇಳಿ. ಹೋಟೆಲು ಎಲ್ಲಿದೆ ನೋಡಿರಿ ಎಂದು ಬರೆಯಲು ನಿಮಗೆ ಜಾಗ ಇತ್ತು. ಪರ್ವತಕ್ಕೆ ಇರಲಿಲ್ಲವೇ? ಎರಡು ಊರು, ನಡುವೆ ಒಂದು ಅಂಕಿ. ಆ ಅಂಕಿಯ ಹೊಟ್ಟೆಯಲ್ಲಿ ಎಷ್ಟು ಮರಳುಗಾಡು, ಎಷ್ಟು ಹೊಳೆ, ಎಷ್ಟು ಜನರ ಊರು ಇದ್ದವು ಎಂದು ನಿಮಗೆ ಗೊತ್ತಿತ್ತು. ಗೊತ್ತಿದ್ದೂ ನಡುವಿನದನ್ನೆಲ್ಲ ಕಸ ಗುಡಿಸಿದ ಹಾಗೆ ಗುಡಿಸಿ ಹಾಕಿ, ಮೂರೂವರೆ ಗಂಟೆ ಎಂದು ಬರೆದು ಕೈತೊಳೆದುಕೊಂಡಿರಿ.

ಅದಕ್ಕಿಂತಲೂ ನನ್ನ ಹೊಟ್ಟೆ ಉರಿಸಿದ್ದು ಇನ್ನೊಂದು. ಈ ಮಾರ್ಗದಲ್ಲಿ ನೇರ ವಿಮಾನಗಳಿಲ್ಲ. ಚಿಕ್ಕಂದಿನಿಂದ ಬಾಯಿಪಾಠ ಮಾಡಿದ ಸಾಲು, ಸಭೆಯಿಂದ ಮನೆಗೆ ಬರುವ ದಾರಿಯಲ್ಲಿ ನನಗೆ ಮೊದಲ ಸಲ ಅರ್ಥವಾಯಿತು. ನಿಮ್ಮಲ್ಲಿ ಒಬ್ಬರೂ ಕಲಬುರಗಿಯಿಂದ ತಾಷ್ಕೆಂಟಿಗೆ ಮೂರೂವರೆ ಗಂಟೆಯಲ್ಲಿ ಹೋಗಿರಲಿಲ್ಲ. ಹೋಗುವ ವಿಮಾನವೇ ಇರಲಿಲ್ಲ. ಇಲ್ಲದ ಪ್ರಯಾಣಕ್ಕೆ ಇಷ್ಟು ಹೊತ್ತು ಎಂದು ನಿಮ್ಮ ಯಂತ್ರ ಲೆಕ್ಕ ಹಾಕಿತು, ಲೋಕದ ಪ್ರತಿ ಊರನ್ನೂ ಉಳಿದ ಪ್ರತಿ ಊರಿಗೂ ಜೋಡಿ ಕಟ್ಟಿ ಪುಟ ತುಂಬಿಸಿತು. ಬರೆದವರು ಯಾರೂ ಇಲ್ಲ, ಓದಿ ಸರಿಯೇ ತಪ್ಪೇ ನೋಡಿದವರೂ ಇಲ್ಲ. ಯಾರಿಗೂ ಬೇಡವಾದ ಆ ಪುಟವೇ ಕಲ್ಲಿಗೆ ಇಳಿದು, ನನ್ನ ಮಗಳು ಸತ್ತಿದ್ದಾಳೆಂದು ನನಗೆ ಹೇಳಲು ಇಷ್ಟು ವರ್ಷ ಉಳಿದುಕೊಂಡಿತು. ತಲೆ ಚಚ್ಚಿಕೊಳ್ಳೋಣವೆಂದರೂ ಅದೇ ಕಲ್ಲು.

ಮರುದಿನ ಬಿಸಿಲು ಏರುವ ಮುಂಚೆ ಸಭೆ ತೀರ್ಪು ಹೇಳಿತು. ಬಾಯೋಲೆ ಬಾಯಿಯ ಮಾತು, ಚಪ್ಪಡಿ ಕಲ್ಲಿನ ಮಾತು. ಮರುಕದ ಬೇಸಿಗೆ ಮುಗಿದ ದಿನ ದಾನಮ್ಮನ ಬಿಲ್ಲೆ ಇಳಿಯುತ್ತದೆ. ಅಂದರೆ, ಮರಳುಗಾಡು ದಾಟಿ, ಬರಫು ದಾಟಿ, ಊರಿನ ಕಣ್ಣು ತೆರೆಸುವ ವಿದ್ಯೆ ಹೊತ್ತು ನನ್ನ ಮಗಳು ಬಾಗಿಲಿಗೆ ಬಂದಾಗ, ಅವಳಿಗೆ ಮೂರು ದಿನದ ನೀರು ಕೊಟ್ಟು ನಾಲ್ಕನೆಯ ದಿನ ಹೊರಗೆ ಕಳಿಸುತ್ತಾರೆ.

ಮಾರನೆಯ ದಿನವೇ ನೀರುಮನೆಗೆ ಹೋಗಿ ನನ್ನ ಪಾಲನ್ನು ದಾನಮ್ಮನಿಗೆ ಒಪ್ಪಿಸುತ್ತೇನೆ ಎಂದೆ. ಈ ಒಪ್ಪಿಸುವುದು ಹಳೆಯ ರೂಢಿ. ಬೇರೆ ಊರಿಗೆ ಮದುವೆಯಾಗಿ ಹೋಗುವ ಹುಡುಗಿಯರು ತಮ್ಮ ಪಾಲನ್ನು ತಂಗಿಗೋ ತಮ್ಮನ ಕೂಸಿಗೋ ಒಪ್ಪಿಸಿ ಹೊರಡುತ್ತಾರೆ. ಹಾಗೆ ಒಪ್ಪಿಸಿದ ಪಾಲಿಗೆ ಅವಧಿ ಇಲ್ಲ, ಯಾರ ಹೆಸರಿಗೆ ಕೊಟ್ಟರೋ ಅವರು ಬರುವ ತನಕ ಬಿಲ್ಲೆ ತೂಗುತ್ತಿರಬೇಕು. ದೂರಮನೆಯ ಯಾವ ಅಂಕಿಯೂ ಅದನ್ನು ಮುಟ್ಟುವಂತಿಲ್ಲ. ಒಪ್ಪಿಸಿದವರು ಮಾತ್ರ ಬೇಸಿಗೆ ಮುಗಿಯುವುದರೊಳಗೆ ಊರು ಬಿಡಬೇಕು. ಮಡಿವಾಳಯ್ಯನವರು ಓಡಿ ಬಂದು ಬೇಡವೆಂದರು. ನಾನು ಕೇಳಲಿಲ್ಲ. ಪಕ್ಕದ ಮನೆಯ ಚಾಂದಬಿ, “ಈ ವಯಸ್ಸಿನಾಗ ಯಾವೂರಿಗಿ ಮದಿವ್ಯಾಗಿ ಹೊಂಟೀ ನಿಂಬೆವ್ವಾ,” ಎಂದು ಚೇಷ್ಟೆ ಮಾಡಿದಳು. ಮಾಡಿದವಳೇ ನನ್ನ ಕೊರಳಿಗೆ ಬಿದ್ದು ಅತ್ತಳು. ನನ್ನ ಹೆಸರನ್ನು ಉಜ್ಜಿ ತೆಗೆದು ಅದೇ ತಾಮ್ರದ ಮೇಲೆ ಮಗಳ ಹೆಸರು ಕೆತ್ತಿದರು. ಬೆರಳಾಡಿಸಿ ನೋಡಿಕೊಂಡೆ. ಸರಿಯಾಗಿತ್ತು.

ನಾನೀಗ ನನ್ನ ಊರಿನಲ್ಲೇ ಹೊರಗಿನವಳು. ನಾಳೆಯ ತಂಪುನಡೆಗೆ ಉತ್ತರದ ಬಾಗಿಲಿನಿಂದ ಹೊರಡುತ್ತೇನೆ. ಮಶಾಕಸಾಬ ಸೊಲ್ಲಾಪುರದ ತನಕ ಜೊತೆಗಿರುತ್ತಾನೆ, ಅಲ್ಲಿಂದ ಮುಂದೆ ಯಾರು ಸಿಗುತ್ತಾರೋ ಅವರು. ದಾನಮ್ಮ ಆ ಕಡೆಯಿಂದ ಬರುತ್ತಾಳೆ, ನಾನು ಈ ಕಡೆಯಿಂದ ಹೋಗುತ್ತೇನೆ. ಸಿಕ್ಕರೆ ಇಬ್ಬರೂ ತಿರುಗಿ ಬರುತ್ತೇವೆ. ಅವಳಿಗೆ ನೀರು ಇದೆ. ನನಗೆ ಅತಿಥಿಯ ಮೂರು ದಿನ ಸಿಗುತ್ತದೆ. ಸಾಕು. ಮೊದಲ ದಿನ ಪೊರೆ ತೆಗೆಸಿಕೊಂಡು, ಉಳಿದ ಎರಡು ದಿನ ಅವಳ ಮುಖ ನೋಡಿ ಹೊರಡುತ್ತೇನೆ.

ಹೊರಡುವ ಮುನ್ನ ಒಂದು ಕಡೆ ಹೋಗಿದ್ದೆ. ಕೋಟೆಯಲ್ಲಿ ಹಳೆಯ ಸಾಮಾನಿನ ಕೋಣೆ ಇದೆ, ಅಲ್ಲಿ ನಿಮ್ಮ ವಿಮಾನದ ಒಂದು ತುಂಡು ಇಟ್ಟಿದ್ದಾರೆ. ನೀವು ಕೂರುತ್ತಿದ್ದ ಜಾಗದ ಪಕ್ಕದ ಗೋಡೆ. ಮೂಸಿ ನೋಡುವಷ್ಟು ಹತ್ತಿರ ಹೋಗಿ ನೋಡಿದೆ. ಅದರಲ್ಲಿ ಒಂದು ಕಿಟಕಿ ಇತ್ತು. ಪಾಪ, ಸುತ್ತಲೂ ಗೋಡೆ ಮುಚ್ಚಿದಲ್ಲಿ ಕೂತು ಹೋಗುತ್ತಿದ್ದರೇನೋ, ಏನೂ ಕಾಣುತ್ತಿರಲಿಲ್ಲವೇನೋ ಎಂದು ಅಲ್ಲಿಯ ತನಕ ನಿಮ್ಮ ಪರವಾಗಿ ಒಂದು ಸಣ್ಣ ಮಾತು ನನ್ನ ಮನಸ್ಸಿನಲ್ಲಿ ಉಳಿದಿತ್ತು. ಕಿಟಕಿ ನೋಡಿದ ಮೇಲೆ ಅದೂ ಹೋಯಿತು. ಕಿಟಕಿಗೆ ಮೇಲೆ ಕೆಳಗೆ ಜಾರುವ ಒಂದು ಮುಚ್ಚಳ ಇತ್ತು. ಇದು ಯಾತಕ್ಕೆ ಎಂದು ಕಾವಲಿನವಳನ್ನು ಕೇಳಿದೆ. “ಬೆಳಕು ಕಣ್ಣಿಗಿ ಚುಚ್ತದಂತ ಮುಚ್ಚಕೋತಿದ್ರಂತ. ಮಕ್ಕೋತಿದ್ರಂತ,” ಎಂದಳು.

ಮಲಗುತ್ತಿದ್ದಿರಿ. ಆ ಗುಡ್ಡಗಳ ನೆತ್ತಿಯ ಮೇಲೆ ಹೋಗುವಾಗ ಮುಚ್ಚಳ ಎಳೆದು ಮಲಗುತ್ತಿದ್ದಿರಿ.

ಈ ಓಲೆ ನಿಮಗೆ ಮುಟ್ಟುವುದಾದರೆ ನಿಮ್ಮ ಕಾಲ ಇನ್ನೂ ಮುಗಿದಿಲ್ಲ. ಇದು ಮುಟ್ಟಿದ ದಿನ ನೀವು ಎಲ್ಲೋ ಒಂದು ವಿಮಾನದಲ್ಲಿ ಕೂತಿರಬಹುದು. ಆ ಮುಚ್ಚಳ ಮೇಲೆತ್ತಿ. ಕೆಳಗೆ ನೋಡಿ. ಎಲ್ಲಿ ಗುಡ್ಡ, ಎಲ್ಲಿ ಹೊಳೆ, ಎಲ್ಲಿ ನೀರು, ಎಲ್ಲಿ ಸುತ್ತು ಹಾಕಬೇಕು, ಎಲ್ಲಿ ಒಲೆಯ ಹೊಗೆ ಕಾಣುತ್ತದೆ, ಬರೆಯಿರಿ. ಯಂತ್ರಕ್ಕೆ ಬಿಡಬೇಡಿ, ನೀವೇ ಬರೆಯಿರಿ. ಕಲ್ಲಿನ ಮೇಲೆ ಬರೆಯಿರಿ. ನನಗೆ ಹತ್ತು ಮಾರಿನ ಆಚೆ ಏನೂ ಕಾಣುವುದಿಲ್ಲ. ಮಗಳು ಎದುರಿನಿಂದ ಬಂದು ಪಕ್ಕದಲ್ಲೇ ಹಾದುಹೋದರೂ ನನಗೆ ಗುರುತು ಸಿಗಲಾರದು. ಅದಕ್ಕೇ ಅವಳ ಹೆಸರು ಕೂಗುತ್ತ ಹೋಗಬೇಕೆಂದಿದ್ದೇನೆ, ನಿಮ್ಮ ಮೂರೂವರೆ ಗಂಟೆಯ ಉದ್ದಕ್ಕೂ, ದಾನಮ್ಮಾ, ದಾನಮ್ಮಾ ಎಂದು.

ನಿಂಬೆವ್ವ